ದನಕರುಗಳ ತಾಯಿ ಸಂತ ಬ್ರಿಜಿದಮ್ಮ

ಫೆಬ್ರವರಿ ತಿಂಗಳ ಮೊದಲ ಮೂರು ದಿನಗಳಲ್ಲಿ ಎರಡು ನಮಗೆಲ್ಲ ಚೆನ್ನಾಗಿ ಗೊತ್ತು. 2ನೆಯ ತಾರೀಖು ಬಾಲಯೇಸುವನ್ನು ಮಹಾದೇವಾಲಯದಲ್ಲಿ ಸಮರ್ಪಿಸಿದ ಹಬ್ಬ. ಅಂದು ಆಶೀರ್ವದಿಸಿದ ಮೇಣದ ಬತ್ತಿಗಳನ್ನು ಮನೆಗೆ ತರುತ್ತೇವೆ. 3ನೆಯ ತಾರೀಖು ಸಂತ ಬ್ಲೇಸರ ಸ್ಮರಣೆ. ಅಂದು ಗುರುಗಳು ಎರಡು ಮೇಣದ ಬತ್ತಿಗಳನ್ನು ಅಡ್ಡಡ್ಡ ಹಿಡಿದು ನಮ್ಮ ಕೊರಳಿಗೆ ತಾಗಿಸಿ, ಗಂಟಲ ಬೇನೆ ಬಾರದಿರಲೆಂದು ಪ್ರಾರ್ಥಿಸುತ್ತಾರೆ. ಇವೆರಡಕ್ಕೂ ಮುಂಚೆ 1ನೆಯ ತಾರೀಖು ಬರುವ ಹಬ್ಬವನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ಅದು ಐರ್ಲೆಂಡಿನ ಸಂತ ಬ್ರಿಜಿಡ್ ಅವರ ಹಬ್ಬ. ನಮ್ಮ ಬಾಯಿಗೆ ಒಗ್ಗುವಂತೆ ನಾವು ಬ್ರಿಜಿದಮ್ಮ ಎನ್ನೋಣ. ಸ್ವೀಡನ್ ದೇಶದಲ್ಲಿ ಇದೇ ಹೆಸರಿನ ಇನ್ನೊಬ್ಬ ಸಂತರಿದ್ದಾರೆ. ಅವರು ಸುಮಾರು 800 ವರ್ಷ ಈಚಿನವರು, ಇವರು ಬೇರೆ.

ಹಾಲು ಕರೆಯುವವರ, ದನ ಕಾಯುವವರ, ಬಾಣಂತಿಯರ, ಎಳೆಗೂಸುಗಳ ಪಾಲಕಿ ಎಂದು ಈ ತಾಯಿಯನ್ನು ಕರೆಯುತ್ತಾರೆ. ಮಳೆ ಕಡಿಮೆ ಬೀಳುವ ನಮ್ಮ ಪೆನುಕೊಂಡ, ಮಡಕಶಿರಾ, ಕಲ್ಯಾಣದುರ್ಗ ಸೀಮೆಗಳಲ್ಲಿ ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಮನೆ ಹಿಡಿದು ನಿಲ್ಲಿಸುವುದು ಕೊಟ್ಟಿಗೆಯ ಒಂದು ಹಸು, ಹಟ್ಟಿಯ ನಾಲ್ಕು ಕುರಿ. ಅಂಥ ಮನೆಯವರಿಗೆ ಬ್ರಿಜಿದಮ್ಮನವರ ಕಥೆ ದೂರದ ಕಥೆಯಲ್ಲ.

ಐರ್ಲೆಂಡ್ ಕೂಡ ನಮಗೆ ಪೂರ್ತಿ ಹೊರಗಿನ ನಾಡಲ್ಲ. 1882ರಲ್ಲಿ ಅನಂತಪುರ ಜಿಲ್ಲೆಯಾಗುವವರೆಗೆ ಪೆನುಕೊಂಡ ತಾಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಕಾಲದಲ್ಲಿ ಈ ಸೀಮೆಯ ಕಥೋಲಿಕರು ಮದ್ರಾಸಿನ ಧರ್ಮಾಧ್ಯಕ್ಷರ ಆಡಳಿತದಲ್ಲಿದ್ದರು. 1834ರಲ್ಲಿ ನೇಮಕಗೊಂಡ ಡೇನಿಯಲ್ ಓಕಾನರ್, ಅವರ ನಂತರದ ಜಾನ್ ಫೆನೆಲ್ಲಿ, ಸ್ಟೀಫನ್ ಫೆನೆಲ್ಲಿ, ಜೋಸೆಫ್ ಕೊಲ್ಗನ್ ಎಲ್ಲರೂ ಐರ್ಲೆಂಡಿನವರೇ. ನಮ್ಮ ಹಿರಿಯರಲ್ಲಿ ಹಲವರ ವಿಶ್ವಾಸವನ್ನು ಕಾಪಾಡಿದ ಕುರುಬರು ಬ್ರಿಜಿದಮ್ಮನವರ ನಾಡಿನಿಂದ ಬಂದವರು.

ದಾಸಿಯ ಮಗಳು

ಬ್ರಿಜಿದಮ್ಮನವರು ಹುಟ್ಟಿದ್ದು ಸುಮಾರು 451ರಲ್ಲಿ, ಐರ್ಲೆಂಡಿನ ಪೂರ್ವದಲ್ಲಿರುವ ಫೋಹರ್ಟ್ ಎಂಬಲ್ಲಿ ಎಂದು ಪರಂಪರೆ ಹೇಳುತ್ತದೆ. ಸಂತ ಪ್ಯಾಟ್ರಿಕ್ ಅವರು ಆ ದ್ವೀಪದಲ್ಲಿ ಶುಭಸಂದೇಶ ಸಾರಿದ ಶತಮಾನವದು. ಹಳೆಯ ದೇವತೆಗಳ ಆರಾಧನೆ ಇನ್ನೂ ಬಿಟ್ಟಿರಲಿಲ್ಲ, ಹೊಸ ವಿಶ್ವಾಸ ಇನ್ನೂ ಪೂರ್ತಿ ಬೇರೂರಿರಲಿಲ್ಲ. ತಂದೆ ದುಬ್ತಾಖ್ ಕ್ರೈಸ್ತನಲ್ಲದ ಒಬ್ಬ ಪಾಳೆಯಗಾರ. ತಾಯಿ ಬ್ರೊಕ್ಕಾ ಅವನ ಮನೆಯ ದಾಸಿ, ಕ್ರೈಸ್ತಳು. ದಾಸಿ ಬಸುರಿಯಾದದ್ದನ್ನು ಕಂಡು ಹೆಂಡತಿ ಸಿಟ್ಟಾದಳು. ದುಬ್ತಾಖ್ ಬ್ರೊಕ್ಕಾಳನ್ನು ಮಾರಿಬಿಟ್ಟ. ಹೀಗೆ ಆ ತಾಯಿ ಒಬ್ಬ ದ್ರೂಯಿದನ, ಅಂದರೆ ಹಳೆಯ ಧರ್ಮದ ಪೂಜಾರಿಯ ಮನೆ ಸೇರಿದಳು. ಮಗು ಹುಟ್ಟಿದ್ದು ಬೆಳೆದದ್ದು ಆ ದಾಸ್ಯದಲ್ಲೇ.

ಪೂಜಾರಿಯ ಮನೆಯ ಊಟ ಆ ಮಗುವಿನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲವಂತೆ. ಏನು ಕೊಟ್ಟರೂ ವಾಂತಿ. ಕೊನೆಗೆ ಕೆಂಪು ಕಿವಿಯ ಒಂದು ಬಿಳಿ ಹಸುವನ್ನು ಅದಕ್ಕೆಂದೇ ಬಿಟ್ಟು, ಒಬ್ಬ ಕ್ರೈಸ್ತ ಹೆಂಗಸು ಕರೆದ ಅದರ ಹಾಲನ್ನು ಕುಡಿಸಿದ ಮೇಲೆ ಮಗು ಚೇತರಿಸಿಕೊಂಡಿತು. ಬ್ರಿಜಿದಮ್ಮನವರ ಬಾಳಿನ ಮೊದಲ ಔಷಧಿ ಹೀಗೆ ಹಸುವಿನ ಹಾಲು. ಆಮೇಲೆ ಅವರ ಬಾಳಿನುದ್ದಕ್ಕೂ ಹಸು ಅವರನ್ನು ಬಿಟ್ಟು ಹೋಗಲಿಲ್ಲ.

ದೊಡ್ಡವಳಾದ ಮೇಲೆ ಬ್ರಿಜಿದಳನ್ನು ತಂದೆ ತನ್ನ ಮನೆಗೆ ಕರೆಸಿಕೊಂಡ. ಆದರೆ ತಾಯಿಗೆ ಕಣ್ಣುಬೇನೆ, ಆದರೂ ಹನ್ನೆರಡು ಹಸುಗಳ ಕೆಲಸ ಅವಳ ತಲೆಯ ಮೇಲೆಯೇ ಇದೆ ಎಂಬ ಸುದ್ದಿ ಕಿವಿಗೆ ಬಿತ್ತು. ಹೋಗಬೇಡವೆಂದು ತಂದೆ ತಡೆದರೂ ಮಗಳು ನಿಲ್ಲಲಿಲ್ಲ. ತಾಯಿಯ ಕೆಲಸಕ್ಕೆ ತಾನೇ ಹೆಗಲು ಕೊಟ್ಟಳು. ಹಾಲು ಕರೆದು, ಮಜ್ಜಿಗೆ ಕಡೆದು, ಬಂದ ಬೆಣ್ಣೆಯನ್ನು ಹನ್ನೆರಡು ಪ್ರೇಷಿತರ ಹೆಸರಿನಲ್ಲಿ ಹನ್ನೆರಡು ಪಾಲು ಮಾಡುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಹದಿಮೂರನೆಯ ಪಾಲು ಪ್ರಭು ಕ್ರಿಸ್ತರ ಹೆಸರಿನದು. ಅದು ಹಸಿದು ಬಂದವರಿಗೆ, ದಾರಿಹೋಕರಿಗೆ. ಒಡೆಯನಿಗೆ ದೂರು ಮುಟ್ಟಿತು. ಅವನು ಹೆಂಡತಿಯೊಡನೆ ಬೆಣ್ಣೆಯ ಲೆಕ್ಕ ನೋಡಲು ಬಂದ. ಬ್ರಿಜಿದಳ ಕೈಯಲ್ಲಿ ಒಂದೂವರೆ ಕಡೆತದ ಬೆಣ್ಣೆಯಷ್ಟೇ ಇತ್ತು. ಆಕೆ ಒಳಗೆ ಹೋಗಿ ಪ್ರಾರ್ಥಿಸಿ ತಂದಷ್ಟೂ ಬೆಣ್ಣೆ ಹೆಚ್ಚುತ್ತಲೇ ಹೋಗಿ, ಅವರು ತಂದಿದ್ದ ದೊಡ್ಡ ಬುಟ್ಟಿ ತುಂಬಿತು. ಬೆರಗಾದ ಒಡೆಯ ಹಸುಗಳನ್ನೆಲ್ಲ ಆಕೆಗೇ ಕೊಡಲು ಮುಂದಾದ. ಆಕೆ ಕೇಳಿದ್ದು ತಾಯಿಯ ಬಿಡುಗಡೆಯನ್ನು. ಅವನು ಎರಡನ್ನೂ ಕೊಟ್ಟ, ಮುಂದೆ ತಾನೂ ದೀಕ್ಷಾಸ್ನಾನ ಪಡೆದ ಎನ್ನುತ್ತದೆ ಕಥೆ. ಸಿಕ್ಕ ಹಸುಗಳನ್ನು ಆಕೆ ಬಡವರಿಗೆ ಹಂಚಿ, ತಾಯಿಯ ಕೈ ಹಿಡಿದು ಬರಿಗೈಯಲ್ಲಿ ಮನೆಗೆ ಬಂದಳು.

ಮಾರಲಾಗದ ಮಗಳು

ಮನೆಯಲ್ಲಿದ್ದುದನ್ನೆಲ್ಲ ಬಡವರಿಗೆ ಕೊಡುವ ಮಗಳಿಂದ ತಂದೆ ರೋಸಿಹೋದ. ರಾಜನ ಮನೆಯಲ್ಲಿ ಹಿಟ್ಟು ಬೀಸಲು ಮಾರಿಬಿಡೋಣವೆಂದು ರಥದಲ್ಲಿ ಕೂರಿಸಿಕೊಂಡು ಲೆನ್ಸ್ಟರ್ ರಾಜ ದುನ್ಲಂಗನ ಕೋಟೆಗೆ ಹೊರಟ. ತನ್ನ ಕತ್ತಿಯನ್ನು ರಥದಲ್ಲೇ ಬಿಟ್ಟು ಒಳಗೆ ಹೋಗಿ ಬೆಲೆ ಮಾತಾಡುತ್ತಿದ್ದ. ಅಷ್ಟರಲ್ಲಿ ಒಬ್ಬ ಕುಷ್ಠರೋಗಿ ಬಂದು ಭಿಕ್ಷೆ ಕೇಳಿದ. ಬ್ರಿಜಿದಳ ಬಳಿ ಕೊಡಲು ಬೇರೇನೂ ಇರಲಿಲ್ಲ. ತಂದೆಯ ಬೆಲೆಬಾಳುವ ಕತ್ತಿಯನ್ನೇ ಎತ್ತಿ ಕೊಟ್ಟಳು. ಹೊರಗೆ ಬಂದ ತಂದೆ ಕೆಂಡವಾದ. ರಾಜ ಆಕೆಯನ್ನು ಕರೆದು ವಿಚಾರಿಸಿದಾಗ, ರಾಜನ ಸಂಪತ್ತೆಲ್ಲ ತನ್ನ ಕೈಯಲ್ಲಿದ್ದರೂ ಅದನ್ನೂ ದೇವರಿಗೆ ಹೀಗೆಯೇ ಕೊಟ್ಟುಬಿಡುವೆನೆಂದು ಅಂಜದೆ ಉತ್ತರಿಸಿದಳು. ದೇವರ ಎದುರಿನಲ್ಲಿ ಈ ಹುಡುಗಿಯ ಬೆಲೆ ನಮ್ಮಿಬ್ಬರ ಬೆಲೆಗಿಂತ ಹೆಚ್ಚು ಎಂದು ರಾಜನೇ ಒಪ್ಪಿ, ತಂದೆಗೆ ಬೇರೊಂದು ಕತ್ತಿ ಕೊಟ್ಟು ಸಮಾಧಾನಪಡಿಸಿ ಕಳುಹಿಸಿದ.

ಮುಂದೆ ಮದುವೆಯ ಮಾತು ಬಂದಾಗ ಬ್ರಿಜಿದಮ್ಮನವರು ಒಪ್ಪಲಿಲ್ಲ. ಕೆಲವು ಗೆಳತಿಯರೊಡನೆ ಹೋಗಿ ಧರ್ಮಾಧ್ಯಕ್ಷ ಸಂತ ಮೆಲ್ ಅವರ ಕೈಯಿಂದ ಕನ್ಯಾವ್ರತದ ಮುಸುಕು ಪಡೆದರು. ವ್ರತ ತೊಡುವಾಗ ಅವರು ಮುಟ್ಟಿದ ಪೀಠದ ಒಣಮರ ಹಸಿರಾಯಿತೆಂದು ಪರಂಪರೆ ನೆನೆಯುತ್ತದೆ.

ಅವರು ಒಂದು ದೊಡ್ಡ ಓಕ್ ಮರದ ಬಳಿ ಕನ್ಯಾಮಠ ಕಟ್ಟಿದರು. ಆ ಊರೇ ಕಿಲ್ಡೇರ್. ಐರಿಷ್ ಭಾಷೆಯಲ್ಲಿ ಆ ಹೆಸರಿಗೆ ಓಕ್ ಮರದ ದೇವಾಲಯ ಎಂದೇ ಅರ್ಥ. ಕಾಲಕ್ರಮದಲ್ಲಿ ಅಲ್ಲಿ ಕನ್ಯಾಸ್ತ್ರೀಯರ ಮಠದ ಜೊತೆಗೆ ಸನ್ಯಾಸಿಗಳ ಮಠವೂ ಬೆಳೆಯಿತು. ಲೋಹದ ಕೆಲಸದಲ್ಲಿ ನಿಪುಣರಾಗಿದ್ದ ಸಂತ ಕೊನ್ಲೆತ್ ಅಲ್ಲಿನ ಧರ್ಮಾಧ್ಯಕ್ಷರಾದರು. ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮಗಳು ಆ ನಾಡಿನ ಅತಿ ದೊಡ್ಡ ಮಠಗಳಲ್ಲೊಂದರ ಮಾತೆಯಾದರು. ಆದರೂ ಹಾಲು ಕರೆಯುವುದನ್ನು, ಕುರಿ ಕಾಯುವುದನ್ನು ಬಿಡಲಿಲ್ಲ.

ಹಸು, ಕುರಿ, ನಾಯಿ

ಅವರ ಮೊದಲ ಚರಿತ್ರೆಗಳಲ್ಲೊಂದನ್ನು ಬರೆದವರು ಕೊಗಿತೋಸುಸ್ ಎಂಬ ಸನ್ಯಾಸಿ. ಅವರು ಕಿಲ್ಡೇರ್‌ನ ಮಠಕ್ಕೆ ಸೇರಿದವರು, ಬರೆದದ್ದು ಸುಮಾರು 650ರ ಹೊತ್ತಿಗೆ. ಬ್ರಿಜಿದಮ್ಮನವರು ತೀರಿಕೊಂಡು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದಿತ್ತು. ಆದ್ದರಿಂದ ಅದರ ಪ್ರತಿಯೊಂದು ಘಟನೆಯನ್ನೂ ಇಂದಿನ ಪತ್ರಿಕಾ ವರದಿಯಂತೆ ಓದಬಾರದು. ಆದರೆ ಜನ ಆ ತಾಯಿಯನ್ನು ಯಾವ ಬಗೆಯಲ್ಲಿ ನೆನಪಿಟ್ಟುಕೊಂಡರು ಎಂಬುದು ಅದರಿಂದ ತಿಳಿಯುತ್ತದೆ.

ಒಂದು ದಿನ ಧರ್ಮಾಧ್ಯಕ್ಷರು ಅತಿಥಿಗಳಾಗಿ ಬಂದರು. ಮನೆಯಲ್ಲಿ ಬಡಿಸಲು ಏನೂ ಇಲ್ಲ. ಅದಾಗಲೇ ಕರೆದಿದ್ದ ಒಂದೇ ಹಸುವನ್ನು ಮತ್ತೆ ಕರೆದರು, ಮೂರನೆಯ ಸಲವೂ ಕರೆದರು. ಮೂರು ಒಳ್ಳೆಯ ಹಸುಗಳಷ್ಟು ಹಾಲು ಬಂತು. ಇನ್ನೊಂದು ದಿನ ಅವರು ಮಳೆಯಲ್ಲಿ ನೆನೆಯುತ್ತ ಕುರಿ ಕಾಯುತ್ತಿದ್ದರು. ಒಬ್ಬ ಮೋಸಗಾರ ಬೇರೆ ಬೇರೆ ವೇಷದಲ್ಲಿ ಏಳು ಸಲ ಬಂದು ಏಳು ಟಗರುಗಳನ್ನು ಬೇಡಿ ಹೊಡೆದುಕೊಂಡು ಹೋದ. ಸಂಜೆ ಎಣಿಸಿದರೆ ಮಂದೆಯಲ್ಲಿ ಒಂದೂ ಕಡಿಮೆಯಿಲ್ಲ. ನೆನೆದ ಹೊದಿಕೆಯನ್ನು ಅವರು ಬಿಸಿಲುಕೋಲಿನ ಮೇಲೆ ಒಣಹಾಕಿದರೆಂದು ಹೇಳುವುದೂ ಅಂದಿನ ಕಥೆಯಲ್ಲೇ. ಅತಿಥಿಗಳಿಗೆಂದು ಬೇಯಿಸಿದ್ದ ಮಾಂಸವನ್ನು ಬಾಲ ಅಲ್ಲಾಡಿಸುತ್ತ ನಿಂತ ಹಸಿದ ನಾಯಿಗೆ ಹಾಕಿದರು. ಬಡಿಸುವಾಗ ಪಾತ್ರೆಯಲ್ಲಿ ಮಾಂಸ ಹಾಗೆಯೇ ಇತ್ತು. ಬೇಟೆಗಾರರು ಅಟ್ಟಿಸಿಕೊಂಡು ಬಂದ ಕಾಡುಹಂದಿ ಅವರ ಹಂದಿಗಳ ನಡುವೆ ಬಂದು ಸೇರಿಕೊಂಡಾಗ ಅದನ್ನೂ ಆಶೀರ್ವದಿಸಿ ಅಲ್ಲೇ ಇರಗೊಟ್ಟರು.

ಒಬ್ಬ ಕುಷ್ಠರೋಗಿ ಬಂದು ಕೊಟ್ಟಿಗೆಯ ಅತ್ಯುತ್ತಮ ಹಸುವೇ ಬೇಕೆಂದು ಹಟ ಹಿಡಿದ. ಕೊಟ್ಟರು. ಆಮೇಲೆ ಅತ್ಯುತ್ತಮ ಕರುವೂ ಬೇಕೆಂದ. ಆ ಕರು ಬೇರೆ ಹಸುವಿನದು. ಬೇರೆ ಹಸುವಿನ ಕರುವನ್ನು ಹಸು ಮೂಸಿ ಒದೆಯುವುದು ದನ ಸಾಕಿದವರಿಗೆ ಗೊತ್ತು. ಬ್ರಿಜಿದಮ್ಮನವರ ಕೈ ತಾಗಿದ ಮೇಲೆ ಆ ಹಸು ಆ ಕರುವನ್ನು ತನ್ನದೇ ಎಂಬಂತೆ ನೆಕ್ಕಿತಂತೆ.

ರೋಗಿಗಳ ತಾಯಿ

ಮನುಷ್ಯರ ಬೇನೆಗಳಿಗೂ ಅವರು ಹೀಗೆಯೇ ಕೈ ಚಾಚಿದರು. ಅವರ ಗುಣಪಡಿಸುವಿಕೆಯ ಕಥೆಗಳಲ್ಲಿ ಬೆರಗಿಗಿಂತ ಹೆಚ್ಚಾಗಿ ಕಾಣುವುದು ಅವರ ಮಾನವೀಯತೆ. ಹನ್ನೆರಡು ವರ್ಷದ ಒಬ್ಬ ಮೂಕ ಹುಡುಗಿಯನ್ನು ಅವಳ ತಾಯಿ ಕರೆತಂದಳು. ಬ್ರಿಜಿದಮ್ಮನವರು ಹುಡುಗಿಯ ಕೈ ಹಿಡಿದು, ಕನ್ಯಾಸ್ತ್ರೀಯಾಗಲು ಇಷ್ಟವೋ ಮದುವೆಯಾಗಲು ಇಷ್ಟವೋ ಎಂದು ಕೇಳಿದರು. ಅವಳಿಗೆ ಮಾತು ಬಾರದೆಂದು ತಾಯಿ ನಡುವೆ ಬಾಯಿ ಹಾಕಿದಳು. ಅವಳೇ ಉತ್ತರ ಹೇಳುವ ತನಕ ಕೈ ಬಿಡುವುದಿಲ್ಲವೆಂದು ಬ್ರಿಜಿದಮ್ಮನವರು ಕೂತರು. ಹುಡುಗಿ ಬಾಯಿ ಬಿಟ್ಟು ಉತ್ತರಿಸಿದಳು. ಅಂದಿನಿಂದ ಮಾತು ನಿಲ್ಲಲಿಲ್ಲ. ಎಲ್ಲರೂ ಅವಳ ಪರವಾಗಿ ಮಾತಾಡುತ್ತಿದ್ದಾಗ ಅವಳನ್ನೇ ಮೊದಲು ಕೇಳಿದವರು ಬ್ರಿಜಿದಮ್ಮನವರು.

ಇಬ್ಬರು ಕುಷ್ಠರೋಗಿಗಳು ಬಂದಾಗ ಒಬ್ಬರು ಇನ್ನೊಬ್ಬರ ಮೈ ತೊಳೆಯುವಂತೆ ಹೇಳಿದರು. ಮೊದಲನೆಯವನು ಗುಣವಾದ. ಆದರೆ ಗುಣವಾದ ಮೈಯಿಂದ ರೋಗಿಯನ್ನು ಮುಟ್ಟಲು ಅವನಿಗೆ ಹೇಸಿಗೆಯಾಯಿತು, ಗೆಳೆಯನನ್ನು ತೊಳೆಯಲು ಒಪ್ಪಲಿಲ್ಲ. ಅವನ ರೋಗ ಮರಳಿತು. ಎರಡನೆಯವನನ್ನು ಬ್ರಿಜಿದಮ್ಮನವರೇ ತೊಳೆದರು, ಅವನು ಗುಣವಾಗಿ ಹೋದ. ಒಬ್ಬ ಬಡ ಹೆಂಗಸಿಗೆ ಕೊಡಲು ಏನೂ ಇಲ್ಲದಾಗ ತಮ್ಮ ಸೊಂಟದ ಪಟ್ಟಿಯನ್ನೇ ಬಿಚ್ಚಿಕೊಟ್ಟರು. ಆ ಪಟ್ಟಿಯಿಂದ ಎಷ್ಟೋ ರೋಗಿಗಳಿಗೆ ಗುಣವಾಯಿತೆಂದು ಜನ ನಂಬಿದರು.

ದಾರಾ ಎಂಬ ಕುರುಡಿ ಕನ್ಯಾಸ್ತ್ರೀಯ ಕಥೆಯನ್ನು ಐರ್ಲೆಂಡಿನವರು ಈಗಲೂ ಹೇಳುತ್ತಾರೆ. ಇಬ್ಬರೂ ರಾತ್ರಿಯಿಡೀ ದೇವರ ಪ್ರೀತಿಯ ಬಗ್ಗೆ ಮಾತಾಡುತ್ತ ಕುಳಿತು ಬೆಳಗಾಯಿತು. ಸೂರ್ಯ ಹುಟ್ಟುವ ಚೆಲುವನ್ನು ಈಕೆ ನೋಡಲಾರಳಲ್ಲ ಎಂದು ಮರುಗಿದ ಬ್ರಿಜಿದಮ್ಮನವರು ಅವರ ಕಣ್ಣು ಮುಟ್ಟಿದರು. ದಾರಾ ಲೋಕವನ್ನೆಲ್ಲ ಕಣ್ತುಂಬ ನೋಡಿದರು. ಆಮೇಲೆ ಮತ್ತೆ ಕಣ್ಣು ಮುಚ್ಚಿಬಿಡುವಂತೆ ಬೇಡಿಕೊಂಡರು, ಏಕೆಂದರೆ ಕತ್ತಲೆಯಲ್ಲಿ ದೇವರು ಅವರಿಗೆ ಹೆಚ್ಚು ಹತ್ತಿರವಾಗಿದ್ದರು. ಗುಣವಾಗದೆ ಉಳಿದ ರೋಗಿಗಳಿಗೂ ಈ ತಾಯಿಯ ಮಡಿಲಲ್ಲಿ ಜಾಗವಿದೆ ಎಂಬುದನ್ನು ಈ ಕಥೆ ಹೇಳುತ್ತದೆ.

ಸುಮಾರು 524ರ ಫೆಬ್ರವರಿ 1ರಂದು ಬ್ರಿಜಿದಮ್ಮನವರು ಪ್ರಭುವಿನ ಸನ್ನಿಧಿ ಸೇರಿದರು. ಕಿಲ್ಡೇರ್‌ನ ದೇವಾಲಯದಲ್ಲಿ ಪೀಠದ ಒಂದು ಬದಿಗೆ ಅವರ ಸಮಾಧಿ, ಇನ್ನೊಂದು ಬದಿಗೆ ಸಂತ ಕೊನ್ಲೆತರ ಸಮಾಧಿ ಇತ್ತು. ಅವರ ಮಠದಲ್ಲಿ ಕನ್ಯಾಸ್ತ್ರೀಯರು ಸರದಿಯ ಮೇಲೆ ಕಾಯುತ್ತಿದ್ದ ಆರದ ಬೆಂಕಿಯ ಬಗ್ಗೆ 12ನೆಯ ಶತಮಾನದ ಬರಹವಿದೆ. ಮುಂದೆ ಆರಿಹೋದ ಆ ದೀಪವನ್ನು ಬ್ರಿಜಿದೀನ್ ಸಭೆಯ ಕನ್ಯಾಸ್ತ್ರೀಯರು 1993ರಲ್ಲಿ ಕಿಲ್ಡೇರ್‌ನಲ್ಲಿ ಮತ್ತೆ ಹಚ್ಚಿದರು. 2023ರಿಂದ ಈ ಹಬ್ಬಕ್ಕೆ ಐರ್ಲೆಂಡಿನಲ್ಲಿ ಸರ್ಕಾರಿ ರಜೆಯಿದೆ. 2024ರಲ್ಲಿ ಅವರ ಮರಣದ 1500ನೆಯ ವರ್ಷವನ್ನು ಆಚರಿಸಿದರು.

ಕ್ರೈಸ್ತ ಧರ್ಮ ಬರುವ ಮೊದಲು ಆ ನಾಡಿನಲ್ಲಿ ಇದೇ ಹೆಸರಿನ ಒಬ್ಬ ದೇವತೆಯನ್ನು ಪೂಜಿಸುತ್ತಿದ್ದರು. ವೈದ್ಯಕ್ಕೂ ಆ ಹೆಸರಿಗೂ ನಂಟಿತ್ತು. ಹಾಗಾಗಿ ದೇವತೆಯ ಕೆಲವು ಆಚಾರಗಳು ಸಂತರ ಹೆಸರಿಗೆ ಸೇರಿಕೊಂಡಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಇದರಿಂದ ನಾವು ಗಾಬರಿಯಾಗಬೇಕಿಲ್ಲ. ಬಹುಜನರು ಬೇರೆ ನಂಬಿಕೆಯವರಾಗಿರುವ ಊರಿನಲ್ಲಿ ಬಾಳುವ ನಮಗೆ, ಹಳೆಯ ಆಚಾರವೊಂದು ಹೊಸ ಅರ್ಥ ಪಡೆಯುವುದು ಹೇಗೆಂದು ಬೇರೆಯವರು ಹೇಳಿಕೊಡಬೇಕಿಲ್ಲ.

ಅವರ ಹೆಸರಿನ ಮನೆಮದ್ದುಗಳು

ಐರ್ಲೆಂಡಿನ ಬಡ ರೈತರಿಗೆ ಬಹುಕಾಲ ವೈದ್ಯರೂ ಇರಲಿಲ್ಲ, ವೈದ್ಯರಿಗೆ ಕೊಡಲು ದುಡ್ಡೂ ಇರಲಿಲ್ಲ. ಕಥೋಲಿಕರ ಮೇಲೆ ಕಠಿಣ ಕಾನೂನುಗಳಿದ್ದ ಕಾಲದಲ್ಲಿ ಬಲಿಪೂಜೆಗೂ ಕಷ್ಟ. ಆಗ ಜನರಿಗೆ ಉಳಿದದ್ದು ಸಂತರ ಹೆಸರಿನ ಬಾವಿಗಳು, ಹಿತ್ತಲಿನ ಗಿಡಮೂಲಿಕೆ, ಅಜ್ಜಿಯರು ಹೇಳಿಕೊಟ್ಟ ಪ್ರಾರ್ಥನೆ.

ಜನವರಿ 31ರ ರಾತ್ರಿ ಮನೆಯ ಹೊರಗೆ ಬೇಲಿಯ ಮೇಲೋ ಕಿಟಕಿಯ ಮೇಲೋ ಒಂದು ಬಟ್ಟೆಯ ತುಂಡನ್ನು ಇಡುತ್ತಾರೆ. ಆ ರಾತ್ರಿ ಬ್ರಿಜಿದಮ್ಮನವರು ಊರೂರು ಸುತ್ತುತ್ತ ಅದನ್ನು ಹರಸುತ್ತಾರೆಂಬುದು ನಂಬಿಕೆ. ಇಬ್ಬನಿಯಲ್ಲಿ ನೆನೆದ ಆ ಬಟ್ಟೆಗೆ ಬ್ರಿಜಿದಮ್ಮನ ಹೊದಿಕೆ ಎಂದೇ ಹೆಸರು. ವರ್ಷವಿಡೀ ಅದನ್ನು ಜೋಪಾನವಾಗಿಟ್ಟು, ತಲೆನೋವು ಬಂದವರ ಹಣೆಗೆ, ಗಂಟಲು ನೋವಿದ್ದವರ ಕೊರಳಿಗೆ ಕಟ್ಟುತ್ತಾರೆ. ಹೆರಿಗೆ ನೋವು ತಿನ್ನುವ ಹೆಂಗಸಿನ ಬಳಿ ಇಡುತ್ತಾರೆ. ಹಸು ಕರು ಹಾಕಲು ಕಷ್ಟಪಟ್ಟಾಗ ಅದರ ಬೆನ್ನ ಮೇಲೆ ಹೊದಿಸುತ್ತಾರೆ. ಮನೆಯೊಡತಿಗೂ ಕೊಟ್ಟಿಗೆಯ ಹಸುವಿಗೂ ಅದೇ ಬಟ್ಟೆ.

ಅದೇ ರಾತ್ರಿ ಜೊಂಡುಹುಲ್ಲನ್ನು ಹೆಣೆದು ಶಿಲುಬೆ ಮಾಡಿ ಮನೆಯ ಬಾಗಿಲ ಮೇಲೂ ಕೊಟ್ಟಿಗೆಯ ಬಾಗಿಲ ಮೇಲೂ ಸಿಕ್ಕಿಸುತ್ತಾರೆ. ಸಾಯುತ್ತ ಮಲಗಿದ್ದ ಒಬ್ಬ ಮುಖಂಡನ ಪಕ್ಕದಲ್ಲಿ ಕುಳಿತ ಬ್ರಿಜಿದಮ್ಮನವರು ನೆಲದ ಮೇಲೆ ಹಾಸಿದ್ದ ಹುಲ್ಲನ್ನೇ ಎತ್ತಿ ಶಿಲುಬೆ ಹೆಣೆದು, ಕ್ರಿಸ್ತರ ಕಥೆ ಹೇಳಿ, ಅವನಿಗೆ ದೀಕ್ಷಾಸ್ನಾನ ಕೊಡಿಸಿದರೆಂಬ ನೆನಪು ಅದಕ್ಕಿದೆ. ಗರಿಗಳ ಭಾನುವಾರ ತಂದ ಗರಿಯನ್ನು ಶಿಲುಬೆಯಾಗಿ ಹೆಣೆದು ಬಾಗಿಲಿಗೆ ಸಿಕ್ಕಿಸುವ ನಮ್ಮ ಮನೆಗಳವರಿಗೆ ಇದು ಹೊಸದೆನಿಸದು. ಸಂತ ಯೊವಾನ್ನರ ಹಬ್ಬದ ಹಿಂದಿನ ಸಂಜೆ, ಜೂನ್ 23ರಂದು, ಬೆಂಕಿ ಹಾಕಿ ಅದರ ಹೊಗೆಯಲ್ಲಿ ದನಗಳನ್ನು ಹಾಯಿಸುವ ಪದ್ಧತಿಯೂ ಅಲ್ಲಿತ್ತು. ಕನ್ನಡ ನಾಡಿನ ಹಳ್ಳಿಗಳಲ್ಲಿ ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಇದೂ ಪರಿಚಿತ.

ಗಿಡಮೂಲಿಕೆಗಳ ಪಟ್ಟಿ ಇನ್ನೂ ಉದ್ದ. ಉಳುಕಿದ ಕಾಲಿಗೆ ಕಾಂಫ್ರಿ ಬೇರನ್ನು ಅರೆದು ಪಟ್ಟು ಹಾಕುವುದು. ರಕ್ತಶುದ್ಧಿಗೆಂದು ವಸಂತಕಾಲದಲ್ಲಿ ತುರಿಕೆ ಸೊಪ್ಪನ್ನು ಬೇಯಿಸಿ ಮೂರು ಊಟ ಉಣ್ಣುವುದು. ಕೆಮ್ಮಿಗೆ ಕಡಲ ಪಾಚಿಯ ಕಷಾಯ. ಗಾಯದ ರಕ್ತ ನಿಲ್ಲಲು ಜೇಡರ ಬಲೆ. ನಾಯಿಕೆಮ್ಮು ಹಿಡಿದ ಮಗುವನ್ನು ಕತ್ತೆಯ ಹೊಟ್ಟೆಯ ಕೆಳಗೆ ಮೂರು ಸಲ ದಾಟಿಸುವುದು. ಕೆಲವು ಮನೆತನಗಳಿಗೆ ಒಂದೊಂದು ರೋಗ ವಾಸಿಮಾಡುವ ಶಕ್ತಿ ವಂಶಪಾರಂಪರ್ಯವಾಗಿ ಬರುತ್ತದೆಂದು ಅಲ್ಲಿ ಹೇಳುತ್ತಾರೆ. ನಾವು ಕೈಗುಣ ಎನ್ನುವುದು ಅದನ್ನೇ. ಅಂಥವರು ದುಡ್ಡು ಮುಟ್ಟಬಾರದು, ಮುಟ್ಟಿದರೆ ಕೈಗುಣ ಹೋಗುತ್ತದೆ ಎಂಬ ಮಾತೂ ಅಲ್ಲಿದೆ. ನಮ್ಮ ನಾಟಿವೈದ್ಯರ ಬಾಯಲ್ಲೂ ಅದೇ ಮಾತು.

ಇಷ್ಟೆಲ್ಲ ಇಂದು ಲೋಕಕ್ಕೆ ತಿಳಿದಿರುವುದಕ್ಕೆ ಮಕ್ಕಳ ಉಪಕಾರವೂ ಇದೆ. 1937ರಿಂದ 1939ರವರೆಗೆ ಐರ್ಲೆಂಡಿನ ಜಾನಪದ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ದೊಡ್ಡ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತು. ಅಜ್ಜ ಅಜ್ಜಿಯರನ್ನು ಕೇಳಿ ಊರಿನ ಮದ್ದುಗಳು, ದನಕರುಗಳ ಆರೈಕೆ, ಪವಿತ್ರ ಬಾವಿಗಳು, ಕಥೆಗಳನ್ನು ಬರೆದು ತರಬೇಕು. ಮಕ್ಕಳು ಬರೆದು ತಂದರು. ಮಾತೃಭಾಷೆ ಐರಿಷ್ ಮನೆಮನೆಯಿಂದ ಮರೆಯಾಗುತ್ತಿದ್ದ ಕಾಲವದು. ಆ ನೋಟು ಪುಸ್ತಕಗಳಿಲ್ಲದಿದ್ದರೆ ಎಷ್ಟೋ ಅಜ್ಜಿಯರ ತಿಳಿವಳಿಕೆ ಅವರೊಡನೆಯೇ ಮಣ್ಣಾಗುತ್ತಿತ್ತು.

ನಾವು ತೆಗೆದುಕೊಳ್ಳಬೇಕಾದದ್ದು

ಹಳೆಯದೆಲ್ಲ ಒಳ್ಳೆಯದಲ್ಲ, ಹಳೆಯದೆಲ್ಲ ಮೂಢನಂಬಿಕೆಯೂ ಅಲ್ಲ. ಫಾಕ್ಸ್‌ಗ್ಲೋವ್ ಎಂಬ ಗಿಡ ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ಹಳ್ಳಿಯ ಮನೆಮದ್ದೊಂದರಲ್ಲಿ ಅದನ್ನು ಗುರುತಿಸಿದ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಅದರಿಂದ ಹೃದಯರೋಗದ ಔಷಧಿ ಬಂತು. ಅದೇ ಗಿಡವನ್ನು ಐರ್ಲೆಂಡಿನ ಕೆಲವು ಕಡೆ, ಸೊರಗಿದ ಮಗುವಿಗೆ ಗಾಳಿ ಸೋಕಿದೆಯೆಂದು ಕೊಟ್ಟು ಪ್ರಾಣಕ್ಕೇ ಕುತ್ತು ತಂದದ್ದೂ ಉಂಟು. ಗಿಡ ಒಂದೇ. ಒಂದು ಕಡೆ ಅಳತೆಯೂ ವಿವೇಕವೂ ಇತ್ತು, ಇನ್ನೊಂದು ಕಡೆ ಭಯವಿತ್ತು.

ನಮ್ಮ ಮನೆಗಳಲ್ಲೂ ಈ ಎರಡು ದಾರಿಗಳಿವೆ. ಗಾಯಕ್ಕೆ ಅರಿಶಿನ, ಮೈ ತುರಿಕೆಗೆ ಬೇವಿನ ಸೊಪ್ಪಿನ ಸ್ನಾನ, ನೆಗಡಿಗೆ ಶುಂಠಿ ಮೆಣಸಿನ ಕಷಾಯ ನಮ್ಮ ಅಜ್ಜಿಯರ ಆಸ್ತಿ. ಅದನ್ನು ಬಿಡಬೇಕಾಗಿಲ್ಲ. ಆದರೆ ನಾಯಿ ಕಚ್ಚಿದಾಗ, ಹಾವು ಕಚ್ಚಿದಾಗ, ಮಗುವಿಗೆ ಕಾಮಾಲೆಯಾದಾಗ ಮಂತ್ರ ಹಾಕಿಸಿ ಕಾಯುವುದು ಜೀವದ ಜೊತೆ ಆಟ. ನಾಯಿ ಕಚ್ಚಿದ ಗಾಯವನ್ನು ತಕ್ಷಣ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಮದ್ದಿಲ್ಲ. ಕಾಲುಬಾಯಿ ಜ್ವರ ಬಂದ ಹಸುವಿಗೆ ಬರೆ ಹಾಕಿದರೆ ರೋಗ ಹೋಗುವುದಿಲ್ಲ, ನೋವು ಎರಡಾಗುತ್ತದೆ. ಆ ರೋಗಕ್ಕೆ ಆರು ತಿಂಗಳಿಗೊಮ್ಮೆ ಪಶುಸಂಗೋಪನಾ ಇಲಾಖೆಯವರು ಊರಿಗೇ ಬಂದು ಲಸಿಕೆ ಹಾಕುತ್ತಾರೆ. ದನ ಕಾಯಿಲೆ ಬಿದ್ದಾಗ ಆಂಧ್ರದಲ್ಲೂ ಕರ್ನಾಟಕದಲ್ಲೂ 1962 ಸಂಖ್ಯೆಗೆ ಕರೆ ಮಾಡಿದರೆ ಪಶುವೈದ್ಯರ ವಾಹನ ಬರುತ್ತದೆ. ವೈದ್ಯನನ್ನು ಗೌರವಿಸಬೇಕು, ಮದ್ದನ್ನು ಮಣ್ಣಿನಿಂದ ಹುಟ್ಟಿಸಿದವರು ದೇವರೇ ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಕಲಿಸುತ್ತದೆ. ನೀತಿವಂತನು ತನ್ನ ಪಶುವಿನ ಪ್ರಾಣದ ಹಿತವನ್ನೂ ನೋಡುತ್ತಾನೆಂದು ಜ್ಞಾನೋಕ್ತಿಗಳು ಹೇಳುತ್ತವೆ.

ಇನ್ನೊಂದು ಸೂಕ್ಷ್ಮವಾದ ಮಾತು. ಕಷ್ಟ ಬಂದಾಗ ತಾಯತ ಕಟ್ಟಿಸಲು, ಯಂತ್ರ ಬರೆಸಲು ನಮ್ಮವರೂ ಹೋಗುತ್ತಾರೆ. ಸಾವಿರಾರು ರೂಪಾಯಿ ಕಳೆದುಕೊಂಡು, ಮೇಲೆ ನಾಚಿಕೆಯಿಂದ ದೇವಾಲಯದಿಂದಲೂ ದೂರ ಉಳಿಯುತ್ತಾರೆ. ಅವರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಭಯ ಯಾರನ್ನೂ ಬಿಟ್ಟಿಲ್ಲ. ಆದರೆ ಬ್ರಿಜಿದಮ್ಮನವರ ಬಟ್ಟೆಯನ್ನೋ ನಮ್ಮ ಗರಿಯ ಶಿಲುಬೆಯನ್ನೋ ಪವಿತ್ರ ಜಲವನ್ನೋ ತಾಯತದಂತೆ ಬಳಸಿದರೆ ನಾವೂ ಅದೇ ತಪ್ಪಿಗೆ ಬೀಳುತ್ತೇವೆ. ಆ ವಸ್ತುಗಳಲ್ಲಿ ಸ್ವತಂತ್ರ ಶಕ್ತಿಯಿಲ್ಲ. ಅವು ನಮ್ಮ ಪ್ರಾರ್ಥನೆಯ ಗುರುತುಗಳು, ದೇವರ ಕಡೆಗೆ ಮನಸ್ಸನ್ನು ತಿರುಗಿಸುವ ಸಾಧನಗಳು ಎಂದು ಧರ್ಮಸಭೆ ಕಲಿಸುತ್ತದೆ. ಬ್ರಿಜಿದಮ್ಮನವರು ಪ್ರಾರ್ಥಿಸಿದರು, ಜೊತೆಗೆ ಹಾಲು ಕರೆದರು. ಹರಸಿದರು, ಜೊತೆಗೆ ರೋಗಿಯ ಮೈಯನ್ನು ತಮ್ಮ ಕೈಯಿಂದ ತೊಳೆದರು. ಯಾರಿಂದಲೂ ಕಾಸು ಕೇಳಲಿಲ್ಲ. ಯಾರಾದರೂ ನಮ್ಮ ಬೇನೆಯನ್ನು ವಾಸಿಮಾಡುತ್ತೇನೆಂದು ಮುಂದೆ ಬಂದಾಗ ಅವರನ್ನು ಅಳೆಯಲು ಈ ತಾಯಿಯೇ ನಮಗೆ ಅಳತೆಗೋಲು. ಅವರು ಭಯ ಹುಟ್ಟಿಸುತ್ತಾರೋ ಧೈರ್ಯ ಕೊಡುತ್ತಾರೋ, ದುಡ್ಡು ಕೀಳುತ್ತಾರೋ ಸೇವೆ ಮಾಡುತ್ತಾರೋ ಎಂದು ನೋಡಿದರೆ ಸಾಕು.

ಈ ಹಬ್ಬಕ್ಕೆ ನಮ್ಮ ಕುಟುಂಬಗಳಿಗೆ ಎರಡು ಸಲಹೆಗಳಿವೆ. ದನ ಕುರಿ ಸಾಕಿದವರು ಅವುಗಳನ್ನು ಆಶೀರ್ವದಿಸಲು ಗುರುಗಳನ್ನು ಸಂಕೋಚವಿಲ್ಲದೆ ಕರೆಯಿರಿ. ಧರ್ಮಸಭೆಯ ಆಶೀರ್ವಾದಗಳ ಗ್ರಂಥದಲ್ಲಿ ಪ್ರಾಣಿಗಳಿಗೆಂದೇ ಪ್ರಾರ್ಥನೆಯಿದೆ. ಅದೇ ದಿನ ಅವುಗಳ ಲಸಿಕೆಯ ತಾರೀಖನ್ನೂ ನೋಡಿಕೊಳ್ಳಿ. ಎರಡನೆಯದು ಮಕ್ಕಳಿಗೆ. ನಮ್ಮ ಧರ್ಮಕ್ಷೇತ್ರದಲ್ಲಿ ಬಲಿಪೂಜೆ ಹೆಚ್ಚಾಗಿ ತೆಲುಗಿನಲ್ಲಿ, ಶಾಲೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅಜ್ಜಿಯ ಮದ್ದಿನ ಹೆಸರುಗಳು, ಗಿಡಗಳ ಹೆಸರುಗಳು, ಹಸುವಿಗೆ ಗೊಟ್ಟದಲ್ಲಿ ಕುಡಿಸುವ ಕಷಾಯದ ಲೆಕ್ಕ, ರಾತ್ರಿ ಮಗುವಿಗೆ ಜ್ವರ ಬಂದಾಗ ಆಕೆ ಹೇಳುವ ಪ್ರಾರ್ಥನೆ ಉಳಿದಿರುವುದು ಕನ್ನಡದಲ್ಲಿ. ಐರ್ಲೆಂಡಿನ ಮಕ್ಕಳು ಮಾಡಿದಂತೆ ಒಂದು ನೋಟು ಪುಸ್ತಕ ಹಿಡಿದು ಅಜ್ಜಿಯ ಪಕ್ಕ ಕುಳಿತು, ಆಕೆಯ ಮಾತಿನಲ್ಲೇ ಬರೆದುಕೊಳ್ಳಿ. ಯಾವುದನ್ನು ಬಳಸಬೇಕು, ಯಾವುದನ್ನು ಬಿಡಬೇಕು ಎಂದು ಆಮೇಲೆ ದೊಡ್ಡವರನ್ನೂ ವೈದ್ಯರನ್ನೂ ಕೇಳಿ ತಿಳಿಯಬಹುದು. ಬರೆಯದೆ ಬಿಟ್ಟದ್ದನ್ನು ಕೇಳಲು ಮುಂದೆ ಅಜ್ಜಿ ಇರುವುದಿಲ್ಲ.

ಕೊಟ್ಟಿಗೆಯಲ್ಲಿ ಬೆಳೆದು, ಬಡವರಿಗೆ ಹಾಲು ಹಂಚಿ, ಮನುಷ್ಯರನ್ನೂ ಮೂಕಪ್ರಾಣಿಗಳನ್ನೂ ಒಂದೇ ಪ್ರೀತಿಯಿಂದ ಮುಟ್ಟಿದ ಸಂತ ಬ್ರಿಜಿದಮ್ಮನವರು ನಮ್ಮ ಮನೆಗಳಿಗಾಗಿ, ನಮ್ಮ ಹಟ್ಟಿಗಳಿಗಾಗಿ, ಕಾಯಿಲೆಯಲ್ಲಿ ಮಲಗಿರುವ ನಮ್ಮವರಿಗಾಗಿ ಪ್ರಭುವಿನಲ್ಲಿ ಪ್ರಾರ್ಥಿಸಲಿ.